ಕೂಲರ್ ಗೊತ್ತಿದ್ದವರಿಗೆ ಕೊತ್ತಂಬರಿ ಹೇಳಿಕೊಡಬೇಕೇ?

ಏಪ್ರಿಲ್ ತಿಂಗಳಲ್ಲಿ ಕಲಬುರಗಿಯ ಕಣ್ಣಿ ಮಾರ್ಕೆಟ್‌ನಿಂದ ತಂದ ಕೊತ್ತಂಬರಿ ಮನೆ ಮುಟ್ಟುವಷ್ಟರಲ್ಲೇ ಜೋತುಬಿದ್ದಿರುತ್ತದೆ. ಎಲ್ಲರೂ ಬಿಸಿಲನ್ನು ಬೈಯುತ್ತಾರೆ. ಬಿಸಿಲಿನ ತಪ್ಪಿಲ್ಲ ಅಂತಲ್ಲ. ಆದರೆ ಅಸಲಿ ಕಳ್ಳ ನಮ್ಮ ಒಣ ಗಾಳಿ. ಅದೇ ಗಾಳಿಯಿಂದ ತರಕಾರಿ ಕಾಯುವ ಕೆಲಸ ಮಾಡಿಸಿಕೊಳ್ಳಲೂ ಬರುತ್ತದೆ. ನನಗೆ ಖುಷಿ ಕೊಡುವುದು ಇದೇ.

ಕಿತ್ತ ಮೇಲೂ ತರಕಾರಿ ಸತ್ತಿರುವುದಿಲ್ಲ, ಉಸಿರಾಡುತ್ತಲೇ ಇರುತ್ತದೆ. ಬೇರಿನಿಂದ ನೀರಿಲ್ಲ, ಎಲೆಯಿಂದ ಹೊಸ ಸಕ್ಕರೆಯಿಲ್ಲ. ಸಂಬಳ ನಿಂತ ಮನೆಯವರು ಕೂಡಿಟ್ಟ ಗಂಟು ಕರಗಿಸಿ ತಿಂದ ಹಾಗೆ ಒಳಗಿದ್ದದ್ದನ್ನೇ ಖರ್ಚು ಮಾಡುತ್ತದೆ. ಸೆಕೆ 10 ಡಿಗ್ರಿ ಏರಿದರೆ ಈ ಖರ್ಚು ಎರಡು ಮೂರು ಪಟ್ಟಾಗುತ್ತದೆ. ಅದಕ್ಕೇ ತಂಪು ಬೇಕು. ಇಷ್ಟು ಎಲ್ಲರಿಗೂ ಗೊತ್ತು. ಲೆಕ್ಕಕ್ಕೆ ಬಾರದೇ ಉಳಿಯುವುದು ನೀರು.

40 ಡಿಗ್ರಿ ಬಿಸಿಯ ಒಂದು ಘನ ಮೀಟರ್ ಗಾಳಿ ಸುಮಾರು 51 ಗ್ರಾಂ ನೀರಾವಿ ಹಿಡಿಯಬಲ್ಲದು. ನಮ್ಮ ಬೇಸಿಗೆ ಮಧ್ಯಾಹ್ನ ತೇವಾಂಶ ಶೇ 20 ಇದೆ ಅಂದುಕೊಳ್ಳಿ. ಆಗ ಅದರಲ್ಲಿರುವುದು 10 ಗ್ರಾಂ ಮಾತ್ರ. ಇನ್ನೂ 41 ಗ್ರಾಂ ಬೇಕು ಅಂತ ಬಾಯಿ ತೆರೆದಿರುತ್ತದೆ. ಜುಲೈನ ಮಳೆ ದಿನ ನೋಡಿ. 27 ಡಿಗ್ರಿ, ತೇವಾಂಶ ಶೇ 85. ಆಗ ಕೊರತೆ ಬರೀ 4 ಗ್ರಾಂ! ಎಲೆಯ ಒಳಗೆ ಮಾತ್ರ ಯಾವಾಗಲೂ ಹೆಚ್ಚುಕಡಿಮೆ ಪೂರ್ತಿ ತೇವ. ಕಣ್ಣಿಗೆ ಕಾಣದ ಸಣ್ಣ ಸಣ್ಣ ರಂಧ್ರಗಳಿಂದ ನೀರು ಹೊರಗೆ ಹೋಗುತ್ತದೆ. ತೂಕದಲ್ಲಿ ಶೇ 5ರಷ್ಟು ಹೋದರೂ ಸಾಕು, ಎಷ್ಟೋ ಸೊಪ್ಪು ಬಾಡಿದಂತೆ ಕಾಣುತ್ತವೆ.

ಬಾಡಿದ್ದೆಲ್ಲ ಕೆಟ್ಟಿಲ್ಲ. ರಾಜಗಿರಿಯ ದಂಟಿನ ತುದಿ ಒಂದಿಷ್ಟು ಕತ್ತರಿಸಿ ತಣ್ಣೀರಿನಲ್ಲಿ ನಿಲ್ಲಿಸಿ. ಜೀವಕೋಶಗಳು ನೀರು ಕುಡಿದು ಮತ್ತೆ ಬಿಗಿಯಾಗುತ್ತವೆ, ಸೊಪ್ಪು ಎದ್ದು ನಿಲ್ಲುತ್ತದೆ. ಹಳದಿ ತಿರುಗಿದ ಎಲೆ, ಲೋಳೆಯಾದ ದಂಟು ಮಾತ್ರ ವಾಪಸ್ ಬರುವುದಿಲ್ಲ.

ಹಾಗಾದರೆ ನೀರು ಚಿಮುಕಿಸಿ ಇಟ್ಟರಾಯಿತು ಅಲ್ವಾ? ಇಲ್ಲ. ಗಾಳಿ ತೇವ ಇರಬೇಕು, ಎಲೆ ಒದ್ದೆ ಇರಬಾರದು. ಎಲೆ ಮೇಲೆ ನಿಂತ ನೀರಿನಲ್ಲಿ ಕೊಳೆಸುವ ಬ್ಯಾಕ್ಟೀರಿಯಾ ಆರಾಮಾಗಿ ಬೆಳೆಯುತ್ತವೆ. ಅಂಗಡಿಯವರು ನೀರು ಹೊಡೆದ ಕೊತ್ತಂಬರಿಯನ್ನು ಹಾಗೇ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಫ್ರಿಜ್‌ಗೆ ತಳ್ಳಿದರೆ ಬೇಗ ಲೋಳೆಯಾಗುವುದು ಇದಕ್ಕೇ. ಫ್ಯಾನ್ ಕೆಳಗೆ ಸ್ವಲ್ಪ ಹೊತ್ತು ಹರಡಿ. ಮೇಲಿನ ನೀರು ಆರಲಿ. ಆಮೇಲೆ ಹತ್ತಿ ಬಟ್ಟೆಯಲ್ಲಿ ಸುತ್ತಿ ಡಬ್ಬಿಗೆ ಹಾಕಿ. ತೊಳೆಯುವುದು ಅಡಿಗೆಗೆ ಮುಂಚೆ. ಮೂಲಂಗಿ, ಗಜ್ಜರಿಯ ಸೊಪ್ಪು ಬಂದ ದಿನವೇ ಮುರಿದು ಬೇರೆ ಇಡಿ. ಇಲ್ಲದಿದ್ದರೆ ಎಲೆ ಗಡ್ಡೆಯ ನೀರನ್ನೂ ಎಳೆಯುತ್ತದೆ.

ಫ್ರಿಜ್ ತಂಪು ಹೌದು, ಆದರೆ ಅದರೊಳಗೂ ಒಣ ಹವೆ. ಮಂಜು ಕಟ್ಟದ ಫ್ರಿಜ್‌ನಲ್ಲಿ ಗಾಳಿ ತುಂಬಾ ತಣ್ಣಗಿನ ಕೊಳವೆಗಳ ಮೇಲೆ ಹಾಯುತ್ತದೆ. ತೇವ ಅಲ್ಲಿ ಮಂಜಾಗಿ ಹತ್ತಿಕೊಳ್ಳುತ್ತದೆ. ಹೀಟರ್ ಅದನ್ನು ಆಗಾಗ ಕರಗಿಸುತ್ತದೆ. ನೀರು ಹಿಂದಿನ ತಟ್ಟೆಗೆ ಇಳಿದು ಆರಿಹೋಗುತ್ತದೆ. ಬಾಗಿಲು ತೆಗೆದಾಗ ನುಗ್ಗಿದ ಗಾಳಿಯ ತೇವದ ಜೊತೆಗೆ ನಿಮ್ಮ ಮೆಂತ್ಯ ಸೊಪ್ಪಿನ ನೀರೂ ಆ ತಟ್ಟೆಯಲ್ಲಿ ಇರುತ್ತದೆ! ಕೆಳಗಿನ ತರಕಾರಿ ಡಬ್ಬಿಗೆ ಮುಚ್ಚಳ ಕೊಟ್ಟಿರುವುದು ಈ ಗಾಳಿ ನೇರವಾಗಿ ತಾಗದಿರಲಿ ಅಂತ.

ಇನ್ನು ಬದನೆಕಾಯಿ, ಬೆಂಡೆಕಾಯಿ, ಸೌತೆಕಾಯಿ, ಟೊಮೆಟೊ. ಇವು ಬಿಸಿ ಸೀಮೆಯ ಗಿಡಗಳು. ಇವಕ್ಕೆ 10 ಡಿಗ್ರಿಗಿಂತ ಕಡಿಮೆ ಚಳಿ ಬಹಳ ದಿನ ಆಗಿಬರುವುದಿಲ್ಲ. ಫ್ರಿಜ್‌ನ 4 ಡಿಗ್ರಿಯಲ್ಲಿಟ್ಟ ಬದನೆಯನ್ನು ಕೆಲವು ದಿನ ಬಿಟ್ಟು ಕೊಯ್ದು ನೋಡಿ. ಮೈಮೇಲೆ ಸಣ್ಣ ತಗ್ಗು, ಒಳಗೆ ಬೀಜ ಕಂದು. ಎಲ್ಲರೂ ಹುಳುಕು ಅನ್ನುತ್ತಾರೆ. ಅದು ಚಳಿಯ ಗಾಯ. ಫ್ರಿಜ್ ಇವಕ್ಕೆ ಜಾಸ್ತಿ ತಂಪು, ನಮ್ಮ ಅಡಿಗೆಮನೆ ಜಾಸ್ತಿ ಬಿಸಿ. ನಡುವಿನ ಜಾಗ ಎಲ್ಲಿದೆ?

ಗಡಿಗೆಯಲ್ಲಿದೆ. ಮಣ್ಣಿನದೇ ಗುಣ ತಂಪು ಅಂತ ಹೇಳುವವರಿದ್ದಾರೆ, ನನಗೆ ತಲೆ ಕೆಡುವುದು ಅಲ್ಲೇ. ಹೊರಗಡೆ ಎಣ್ಣೆ ಪೇಂಟ್ ಬಳಿದ ಗಡಿಗೆಯಲ್ಲಿ ನೀರು ತುಂಬಿ ನೋಡಿ, ತಣ್ಣಗಾಗುವುದಿಲ್ಲ. ತಂಪು ಮಾಡುವುದು ಆವಿ. ಒಂದು ಲೀಟರ್ ನೀರು ಆರಿಹೋಗುವಾಗ ಹೀರುವ ಶಾಖ ಎಷ್ಟು ಗೊತ್ತಾ? ಸುಮಾರು 57 ಲೀಟರ್ ನೀರನ್ನು 10 ಡಿಗ್ರಿ ತಣಿಸುವಷ್ಟು. ಮಣ್ಣಿನ ಕೆಲಸ ನೀರನ್ನು ಜಿನುಗಿಸಿ ಮೈಮೇಲೆ ತರುವುದು, ಅಷ್ಟೇ. ಉಳಿದದ್ದನ್ನು ಆ 41 ಗ್ರಾಂ ಹಸಿವಿನ ಗಾಳಿ ನೋಡಿಕೊಳ್ಳುತ್ತದೆ.

ನಿಮ್ಮ ಮನೆಯ ಕೂಲರ್ ಕೂಡ ಇದೇ ಯಂತ್ರ. ಏಪ್ರಿಲ್‌ನಲ್ಲಿ ಹುಲ್ಲಿನ ಪ್ಯಾಡ್ ಒದ್ದೆಯಾದರೆ ಕೋಣೆ ತಣ್ಣಗೆ. ಜುಲೈನಲ್ಲಿ ಅದೇ ಕೂಲರ್ ಮೈಯೆಲ್ಲ ಅಂಟು ಮಾಡುತ್ತದೆ. 40 ಡಿಗ್ರಿ, ಶೇ 20 ತೇವಾಂಶದ ಗಾಳಿಯನ್ನು ಬರೀ ಆವಿಯಿಂದ ಸುಮಾರು 23 ಡಿಗ್ರಿಯವರೆಗೆ ಇಳಿಸಬಹುದು. ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ. ಮಳೆಗಾಲದ 27 ಡಿಗ್ರಿ ಗಾಳಿ 25ಕ್ಕೇ ನಿಲ್ಲುತ್ತದೆ. ಹೀಗಾಗಿ ಮಂಗಳೂರಿನವರಿಗೆ ಈ ಭಾಗ್ಯ ಇಲ್ಲ, ನಮಗಿದೆ.

ದೊಡ್ಡ ಗಡಿಗೆಯ ಒಳಗೆ ಚಿಕ್ಕ ಗಡಿಗೆ ಇಡಿ. ಸಂದಿಯಲ್ಲಿ ಉಸುಕು ತುಂಬಿ. ಬೆಳಿಗ್ಗೆ, ಸಂಜೆ ಉಸುಕಿಗೆ ನೀರು ಹಾಕಿ. ಒದ್ದೆ ಬಟ್ಟೆ ಮುಚ್ಚಿ. ನೆರಳು ಬೇಕು, ಗಾಳಿ ಆಡಬೇಕು. ಮುಚ್ಚಿದ ಕೋಣೆಯ ಮೂಲೆಯಲ್ಲಿಟ್ಟರೆ ಸುತ್ತಲಿನ ಗಾಳಿ ತೇವವಾಗಿ ಕೆಲಸ ನಿಲ್ಲುತ್ತದೆ. ಲೆಕ್ಕದ 23 ಡಿಗ್ರಿ ಮನೆಯಲ್ಲಿ ಸಿಗುವುದು ಕಷ್ಟ, ಎರಡು ಮೂರು ಡಿಗ್ರಿ ಹೆಚ್ಚೇ ಇರುತ್ತದೆ. ಆದರೂ ಒಳಗೆ ತಂಪು, ತೇವ ಎರಡೂ ಇರುವುದರಿಂದ ಬದನೆ, ಬೆಂಡೆ ಹೊರಗಿಟ್ಟದ್ದಕ್ಕಿಂತ ಚೆನ್ನಾಗಿ ಬಾಳುತ್ತವೆ.

ಇದನ್ನು ಸುಮ್ನೆ ಅಜ್ಜಿ ಕಾಲದ್ದು ಅನ್ನಬೇಡಿ. 1990ರ ದಶಕದಲ್ಲಿ ನೈಜೀರಿಯಾದ ಮೇಷ್ಟ್ರು ಮಹಮ್ಮದ್ ಬಾ ಅಬ್ಬಾ ಇಂಥ ಜೋಡಿ ಗಡಿಗೆಗಳನ್ನು ಹಳ್ಳಿಗಳಿಗೆ ಹಂಚಿ ರೋಲೆಕ್ಸ್ ಪ್ರಶಸ್ತಿ ಪಡೆದರು. ಉತ್ತರ ನೈಜೀರಿಯಾವೂ ನಮ್ಮ ಹಾಗೆ ಒಣ ಸೀಮೆ. ದೆಹಲಿಯ ಪೂಸಾ ಕೃಷಿ ಸಂಶೋಧನಾ ಸಂಸ್ಥೆ 1980ರ ದಶಕದಲ್ಲೇ ಕರೆಂಟ್ ಬೇಡದ ಇಟ್ಟಿಗೆ ತೊಟ್ಟಿ ಮಾಡಿತ್ತು. ಜೋಡಿ ಗೋಡೆ, ನಡುವೆ ಒದ್ದೆ ಉಸುಕು. ಇನ್ನೂ ಹಿಂದೆ ಹೋದರೆ ನಮ್ಮ ಬೀದರೇ ಸಿಗುತ್ತದೆ. ಅಲ್ಲಿನ ನೌಬಾದ್‌ನ ಸುರಂಗ ಬಾವಿ, ಅಂದರೆ ನೆಲದಡಿ ನೀರು ಹರಿಸುವ ಸುರಂಗ, ಬಹಮನಿ ಕಾಲದ್ದು, ಇರಾನಿನ ವಿದ್ಯೆ. ಇಲ್ಲಿ ಅದು ಕುಡಿಯುವ ನೀರಿಗೆ. ಇರಾನಿನ ಯಜ್ದ್ ಊರಿನಲ್ಲಿ ಅಂಥದೇ ಸುರಂಗದ ನೀರಿನ ಮೇಲೆ ಗಾಳಿ ಹಾಯಿಸಿ ಮನೆಯನ್ನೂ ತಣಿಸಿದರು.

ಬಾಳೆಹಣ್ಣನ್ನು ಮಾತ್ರ ಗಡಿಗೆಯಿಂದ, ಸೊಪ್ಪಿನಿಂದ ದೂರ ಇಡಿ. ಹಣ್ಣಾಗುವಾಗ ಅದು ಬಿಡುವ ಎಥಿಲೀನ್ ಅನಿಲ ಸೊಪ್ಪನ್ನು ಹಳದಿ ಮಾಡುತ್ತದೆ. ಆಲೂಗಡ್ಡೆ ಫ್ರಿಜ್‌ನಲ್ಲಿ ಬೇಡ, ಪಿಷ್ಟ ಸಕ್ಕರೆಯಾಗಿ ಕರಿದಾಗ ಕಪ್ಪಾಗುತ್ತದೆ. ಉಳ್ಳಾಗಡ್ಡಿ, ಬಳ್ಳೊಳ್ಳಿಗೆ ಒಣ ಗಾಳಿಯೇ ಇಷ್ಟ. ಅವನ್ನು ಬುಟ್ಟಿಯಲ್ಲಿ ಹರಡಿಬಿಡಿ. ಮಳೆ ಹಿಡಿದ ಮೇಲೆ ಗಡಿಗೆ ಖಾಲಿ ಮಾಡಿ, ಉಸುಕು ಒಣಗಿಸಿ. ಇಲ್ಲದಿದ್ದರೆ ತರಕಾರಿಗಿಂತ ಮೊದಲು ಗಡಿಗೆಗೇ ಬೂಸ್ಟು ಹಿಡಿಯುತ್ತದೆ.