ಗೋಲಿ ಇಲ್ಲಿ, ಸಾಸಿವೆ ಧಾರವಾಡದಲ್ಲಿ

ವಿಶ್ವದಲ್ಲಿ ಶೇಕಡಾ ಎಷ್ಟನ್ನು ನೋಡಿ ಮುಗಿಸಿದ್ದೀರಿ? ಖಗೋಳ ವಿಜ್ಞಾನದ ಬಗ್ಗೆ ಮಾತನಾಡಲು ಶಾಲೆಗಳಿಗೆ ಹೋದಾಗಲೆಲ್ಲ ಈ ಪ್ರಶ್ನೆ ಬಂದೇ ಬರುತ್ತದೆ. ಮೊದಲೆಲ್ಲ ಕಪ್ಪುಹಲಗೆಯ ಮೇಲೆ ಸೊನ್ನೆಗಳ ಸಾಲು ಬರೆದು ಉತ್ತರಿಸುತ್ತಿದ್ದೆ. ಮಕ್ಕಳು ಸೊನ್ನೆ ಎಣಿಸುತ್ತಿದ್ದರು, ಅಷ್ಟೇ. ಈಗ ಜೇಬಿನಲ್ಲಿ ಒಂದು ಗೋಲಿ ಇಟ್ಟುಕೊಂಡು ಹೋಗುತ್ತೇನೆ, ಎಲ್ಲರನ್ನೂ ಮೈದಾನಕ್ಕೆ ಕರೆಯುತ್ತೇನೆ.

ಒಂದೂವರೆ ಸೆಂಟಿಮೀಟರಿಗೆ ತುಸು ಕಡಿಮೆ ಅಗಲದ ಆ ಗೋಲಿಯೇ ಸೂರ್ಯ. ಇಲ್ಲಿ ಒಂದು ಸೆಂಟಿಮೀಟರ್ ಎಂದರೆ ನಿಜದಲ್ಲಿ ಹತ್ತು ಲಕ್ಷ ಕಿಲೋಮೀಟರ್. ಗೋಲಿಯಿಂದ ಒಂದೂವರೆ ಮೀಟರ್ ದೂರದಲ್ಲಿ ಭೂಮಿ. ಸುಣ್ಣದ ಪುಡಿಯ ಒಂದು ಕಣದಷ್ಟು. ಆ ಕಣದಿಂದ ನಾಲ್ಕು ಮಿಲಿಮೀಟರ್ ಆಚೆ ಚಂದ್ರ. 1969ರಿಂದ 1972ರವರೆಗೆ ಹನ್ನೆರಡು ಮಂದಿ ಅಲ್ಲಿ ನಡೆದಾಡಿ ಬಂದರು. ಮನುಷ್ಯ ಕಾಲಿಟ್ಟ ಅತಿ ದೂರದ ನೆಲ ಅದೇ. ಕೊನೆಯ ಗ್ರಹ ನೆಪ್ಚೂನ್‌ಗೆ 45 ಮೀಟರ್ ನಡೆದು ಸುಣ್ಣದಲ್ಲಿ ಗುರುತು ಹಾಕುತ್ತೇವೆ.

ಮನುಷ್ಯ ಮಾಡಿದ ವಸ್ತುಗಳಲ್ಲಿ ಅತಿ ದೂರ ಹೋಗಿರುವುದು ವಾಯೇಜರ್ 1. 1977ರಲ್ಲಿ ಹೊರಟ ಆ ನೌಕೆ ಸೆಕೆಂಡಿಗೆ 17 ಕಿಲೋಮೀಟರ್ ವೇಗದಲ್ಲಿ ಓಡುತ್ತಲೇ ಇದೆ. ಈಗ ಸುಮಾರು 2,500 ಕೋಟಿ ಕಿಲೋಮೀಟರ್ ಆಚೆ ಇದೆ. ಅಲ್ಲಿಂದ ರೇಡಿಯೊ ಸಂಕೇತ ಬರಲು 23 ಗಂಟೆಗೂ ಹೆಚ್ಚು ಬೇಕು. ನಮ್ಮ ಲೆಕ್ಕದಲ್ಲಿ ಅದು 250 ಮೀಟರ್. ಶಾಲೆಯ ಗೇಟು ದಾಟಿ, ರಸ್ತೆಯಾಚೆಯ ಅಂಗಡಿಯ ಹತ್ತಿರ.

ಇನ್ನು ಸೂರ್ಯನ ಪಕ್ಕದ ಮನೆಯ ನಕ್ಷತ್ರ ಪ್ರಾಕ್ಸಿಮಾ ಸೆಂಟಾರಿ ಎಲ್ಲಿ? ನಿಜದಲ್ಲಿ 4.24 ಜ್ಯೋತಿರ್ವರ್ಷ (ಬೆಳಕು ಒಂದು ವರ್ಷದಲ್ಲಿ ಸಾಗುವ ದೂರವೇ ಒಂದು ಜ್ಯೋತಿರ್ವರ್ಷ), ಇಲ್ಲಿ 400 ಕಿಲೋಮೀಟರ್. ಬೆಂಗಳೂರಿನ ಮೈದಾನದಲ್ಲಿ ಗೋಲಿ ಇಟ್ಟರೆ, ನೇರ ಗೆರೆ ಎಳೆದಾಗ ಧಾರವಾಡದ ಆಸುಪಾಸಿನಲ್ಲಿ ಒಂದು ಸಾಸಿವೆ ಕಾಳು. ನಡುವಿನ ತುಮಕೂರು, ಚಿತ್ರದುರ್ಗ, ದಾವಣಗೆರೆಗಳೆಲ್ಲ ಬಯಲು. ವಾಯೇಜರ್ ಆ ದಿಕ್ಕಿಗೆ ಹೊರಟಿದ್ದರೂ ತಲುಪಲು 75 ಸಾವಿರ ವರ್ಷ ಹಿಡಿಯುತ್ತಿತ್ತು. ಸೂರ್ಯನೂ ಸೇರಿರುವ ನಕ್ಷತ್ರಗಳ ಮಹಾಗುಂಪು ಕ್ಷೀರಪಥದ ಪೂರ್ತಿ ಅಗಲವನ್ನು ಇದೇ ಅಳತೆಯಲ್ಲಿ ತೋರಿಸಬೇಕಾದರೆ ಭೂಮಿಯೇ ಸಾಲದು. ಚಂದ್ರನಿಗಿರುವ ನಿಜವಾದ ದೂರದ 25 ಪಟ್ಟು ಬೇಕು.

ಹಾಗಾದರೆ ಧಾರವಾಡದಲ್ಲಿ ಸಾಸಿವೆ ಇದೆಯೆಂದು ಇಲ್ಲಿ ಕುಳಿತವರಿಗೆ ಗೊತ್ತಾದದ್ದು ಹೇಗೆ? ನನಗೆ ಎಲ್ಲಕ್ಕಿಂತ ಪ್ರಿಯವಾದ ಭಾಗ ಇದು. ಕೈ ಮುಂದೆ ಚಾಚಿ ಹೆಬ್ಬೆರಳನ್ನು ಒಮ್ಮೆ ಎಡಗಣ್ಣಿನಿಂದ, ಒಮ್ಮೆ ಬಲಗಣ್ಣಿನಿಂದ ನೋಡಿ. ಹಿಂದಿನ ಗೋಡೆಯ ಮೇಲೆ ಅದು ಅತ್ತಿತ್ತ ಸರಿಯುತ್ತದೆ. ವಸ್ತು ದೂರವಿದ್ದಷ್ಟೂ ಸರಿಯುವುದು ಕಡಿಮೆ, ಹಾಗಾಗಿ ಸರಿದದ್ದನ್ನು ಅಳೆದರೆ ದೂರ ಸಿಗುತ್ತದೆ. ಭೂಮಿ ಆರು ತಿಂಗಳಲ್ಲಿ ಸೂರ್ಯನ ಈ ಬದಿಯಿಂದ ಆ ಬದಿಗೆ ಹೋಗುತ್ತದೆ. ನಮ್ಮ ಮೈದಾನದಲ್ಲಿ ಅದು ಬರೀ ಮೂರು ಮೀಟರ್. ಆ ಮೂರು ಮೀಟರಿನ ಎರಡು ತುದಿಗಳಲ್ಲಿ ನಿಂತು, ಧಾರವಾಡದ ಸಾಸಿವೆ ಎಷ್ಟು ಸರಿದಂತೆ ಕಂಡಿತು ಎಂದು ಅಳೆಯಬೇಕು! ಜರ್ಮನಿಯ ಖಗೋಳ ವಿಜ್ಞಾನಿ ಬೆಸೆಲ್ 1838ರಲ್ಲಿ ಇದನ್ನು ಸಾಧಿಸಿದರು. ಅವರು ಆರಿಸಿಕೊಂಡ 61 ಸಿಗ್ನಿ ನಕ್ಷತ್ರ ಇನ್ನೂ ದೂರ, ಸುಮಾರು 11 ಜ್ಯೋತಿರ್ವರ್ಷ. ನಮ್ಮ ಲೆಕ್ಕದಲ್ಲಿ ಸಾವಿರ ಕಿಲೋಮೀಟರಿಗೂ ಆಚೆ. ಕ್ಯಾಮೆರಾ ಇಲ್ಲ, ಕಂಪ್ಯೂಟರ್ ಇಲ್ಲ. ಕಣ್ಣು, ಮಸೂರ, ತಾಳ್ಮೆ ಇಷ್ಟರಲ್ಲೇ.

2013ರಲ್ಲಿ ಹಾರಿದ ಯುರೋಪಿನ ಗಾಯಾ ನೌಕೆ ಇದೇ ವಿದ್ಯೆಯನ್ನು ಮುಂದುವರಿಸಿ, ಸುಮಾರು 180 ಕೋಟಿ ನಕ್ಷತ್ರಗಳ ಪಟ್ಟಿ ಕೊಟ್ಟಿತು. ಕ್ಷೀರಪಥದಲ್ಲಿ ಕಡಿಮೆಯೆಂದರೂ ಹತ್ತು ಸಾವಿರ ಕೋಟಿ ನಕ್ಷತ್ರಗಳಿವೆ. ಅಂದರೆ ಸ್ವಂತ ಮನೆಯಲ್ಲೇ ಶೇಕಡಾ ಒಂದೆರಡನ್ನು ಮಾತ್ರ ದಾಖಲೆಗೆ ಸೇರಿಸಿದ್ದೇವೆ. ನಮ್ಮ ಕೆಲಸವೆಲ್ಲ ಹೀಗೆಯೇ: ಹೋಗುವುದಿಲ್ಲ, ಬಂದ ಬೆಳಕನ್ನು ಹಿಡಿಯುತ್ತೇವೆ. ಲಡಾಖಿನ ಹಾನ್ಲೆಯಲ್ಲಿ 4,500 ಮೀಟರ್ ಎತ್ತರದಲ್ಲಿರುವ, ವಿಜ್ಞಾನಿ ಎಸ್. ಚಂದ್ರಶೇಖರ್ ಹೆಸರಿನ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಡೆಸುವುದು ಬೆಂಗಳೂರಿನ ಪಕ್ಕದ ಹೊಸಕೋಟೆಯಿಂದ. ದೂರದರ್ಶಕದ ಬಳಿಗೂ ಹೋಗಬೇಕಾಗಿಲ್ಲ.

ಹಾಗಾಗಿ ಶೇಕಡಾವಾರು ಲೆಕ್ಕ ಕೇಳಿದವರಿಗೆ ನಾನು ಪ್ರಾಮಾಣಿಕವಾಗಿ ಹೇಳುವುದು ಇಷ್ಟು. ಭಾಗಿಸಲು ಒಟ್ಟು ಮೊತ್ತವೇ ನಮ್ಮ ಕೈಯಲ್ಲಿಲ್ಲ. ವಿಶ್ವದ ವಯಸ್ಸು 1,380 ಕೋಟಿ ವರ್ಷ. ಅಷ್ಟು ಕಾಲ ಪ್ರಯಾಣ ಮಾಡಿದ ಬೆಳಕು ಹೊರಟ ಜಾಗ ಈಗ 1,380 ಕೋಟಿ ಜ್ಯೋತಿರ್ವರ್ಷ ದೂರದಲ್ಲಿಲ್ಲ. ಬೆಳಕು ದಾರಿಯಲ್ಲಿದ್ದಾಗಲೇ ನಡುವಿನ ಆಕಾಶ ಹಿಗ್ಗಿದ್ದರಿಂದ ಅದು ಸುಮಾರು 4,600 ಕೋಟಿ ಜ್ಯೋತಿರ್ವರ್ಷ ಆಚೆ ಸರಿದಿದೆ. ಅದು ನಮ್ಮ ನೋಟದ ಗಡಿ, ವಿಶ್ವದ್ದಲ್ಲ. ಮಲ್ಪೆಯ ದಂಡೆಯಲ್ಲಿ ನಿಂತವರಿಗೆ ಕಾಣುವ ಅಂಚು ಕಡಲಿನ ಕೊನೆಯೇನಲ್ಲವಲ್ಲ.

ಆದರೆ ನನ್ನನ್ನು ಕಾಡುವುದು ಆ ದೂರದ ಗಡಿಯಲ್ಲ. ವಾಯೇಜರ್ 2 ನೌಕೆ 1986ರಲ್ಲಿ ಯುರೇನಸ್ಸನ್ನೂ 1989ರಲ್ಲಿ ನೆಪ್ಚೂನನ್ನೂ ಹಾದು ಹೋಯಿತು. ಆಮೇಲೆ ಯಾವ ನೌಕೆಯೂ ಅವುಗಳ ಬಳಿ ಸುಳಿದಿಲ್ಲ. ಬೇರೆ ನಕ್ಷತ್ರಗಳ ಸುತ್ತ ಆರು ಸಾವಿರಕ್ಕೂ ಹೆಚ್ಚು ಗ್ರಹಗಳು ಪತ್ತೆಯಾಗಿವೆ. ಅವುಗಳಲ್ಲಿ ನೆಪ್ಚೂನ್ ಗಾತ್ರದವು, ಅದಕ್ಕಿಂತ ತುಸು ಚಿಕ್ಕವು ಹೇರಳ. ಅವುಗಳನ್ನು ಅರ್ಥಮಾಡಿಕೊಳ್ಳಲು ನಮ್ಮ ಕೈಗೆಟುಕುವ ಮಾದರಿಗಳು ಇವೆರಡೇ, ಮತ್ತು ಹತ್ತಿರದಿಂದ ತೆಗೆದ ಚಿತ್ರಗಳು ಮೂರೂವರೆ ದಶಕಕ್ಕೂ ಹಳೆಯವು. ಮುಂದಿನ ದೊಡ್ಡ ನೌಕೆ ಅಲ್ಲಿಗೇ ಹೋಗಬೇಕು ಎಂಬುದು ನನ್ನ ಬಯಕೆ. ಮಕ್ಕಳು ಹಾಕಿದ ಆ ಸುಣ್ಣದ ಗುರುತು ಗೋಲಿಯಿಂದ 45 ಮೀಟರ್ ದೂರದಲ್ಲಿದೆ. ಶಾಲೆಯ ಕಾಂಪೌಂಡಿನ ಒಳಗೇ ಇದೆ.