[ಅ-ಳ] ಹಾಕಿದರೂ ‘ಸವಿತಾ’ ಯಾಕೆ ಪಾಸಾಗಲ್ಲ?

ಪ್ರಶ್ನೆ: ಫಾರ್ಮ್‌ನಲ್ಲಿ ಹೆಸರು ಕನ್ನಡದಲ್ಲೇ ಇರಬೇಕು. ಅದಕ್ಕೆ ಜಾವಾಸ್ಕ್ರಿಪ್ಟ್‌ನಲ್ಲಿ ^[ಅ-ಳ]+$ ಅಂತ ರೆಜೆಕ್ಸ್ (ಯಾವ ಅಕ್ಷರಗಳು ಇರಬಹುದು ಅಂತ ಹೇಳುವ ಪ್ಯಾಟರ್ನ್) ಬರೆದಿದ್ದೇನೆ. ‘ಕಮಲ’ ಪಾಸಾಗುತ್ತದೆ, ‘ಸವಿತಾ’ ಆಗಲ್ಲ. ಇದು ಬ್ರೌಸರ್‌ನ ಬಗ್ ಅಲ್ವಾ?

ಅಲ್ಲ ಮಾರಾಯ್ರೇ. ಈ ಪ್ರಶ್ನೆ ನನಗೆ ಬರುತ್ತಲೇ ಇರುತ್ತದೆ, ‘ಕಮಲ’ ಇದ್ದ ಜಾಗದಲ್ಲಿ ಒಮ್ಮೊಮ್ಮೆ ‘ಗಗನ’ ಇರುತ್ತದೆ ಅಷ್ಟೆ. ಎಲ್ಲರೂ ಟೆಸ್ಟ್ ಮಾಡೋದು ಇಂಥ ಸಾಧು ಹೆಸರುಗಳಲ್ಲೇ!

ಅ ಇಂದ ಳ ತನಕ ಬರೆದರೆ ಪೂರ್ತಿ ಕನ್ನಡ ಬಂತು ಅನ್ನೋ ನಂಬಿಕೆ ಬಲು ಗಟ್ಟಿ. ಶಾಲೆಯಲ್ಲಿ ‘ಶ ಷ ಸ ಹ ಳ’ ಅಂತ ಮುಗಿಸಿದ್ದೇವಲ್ಲ, ಅದರ ಪ್ರಭಾವ. ಆದರೆ ರೆಜೆಕ್ಸ್‌ಗೆ ವರ್ಣಮಾಲೆ ಗೊತ್ತಿಲ್ಲ, ಯೂನಿಕೋಡ್ ನಂಬರ್, ಅಂದರೆ ಕಂಪ್ಯೂಟರ್ ಪ್ರತಿ ಅಕ್ಷರವನ್ನು ಗುರುತಿಸುವ ನಂಬರ್ ಮಾತ್ರ ಗೊತ್ತು. ಅಲ್ಲಿ ಳ ಕೂತಿರೋದು ಲ ಪಕ್ಕದಲ್ಲಿ. ವ, ಶ, ಷ, ಸ, ಹ ಬರೋದು ಅದಾದ ಮೇಲೆ. ಅಂದರೆ ನಿಮ್ಮ ಪ್ಯಾಟರ್ನ್ ಈ ಐದೂ ಅಕ್ಷರಗಳನ್ನು ಬಾಗಿಲಲ್ಲೇ ನಿಲ್ಲಿಸಿದೆ.

‘ಹಾಗಾದರೆ [ಅ-ಹ] ಹಾಕ್ತೀನಿ’ ಅಂತ ಹೊರಡಬೇಡಿ. ‘ಸವಿತಾ’ವನ್ನು ಬಿಡಿಸಿ ನೋಡಿ: ಸ, ವ, ಿ, ತ, ಾ. ಕಣ್ಣಿಗೆ ಮೂರು ಅಕ್ಷರ, ಕಂಪ್ಯೂಟರ್‌ಗೆ ಐದು. ಗುಡಿಸು, ಕೊಂಬು, ದೀರ್ಘ, ಒತ್ತಕ್ಷರಕ್ಕೆ ಬೇಕಾದ ‘್’ ಎಲ್ಲಕ್ಕೂ ಬೇರೆ ಬೇರೆ ನಂಬರ್ ಇದೆ, ಅವೆಲ್ಲ ಹ ಆದ ಮೇಲೆ ಬರುತ್ತವೆ. ಅನುಸ್ವಾರ ಇನ್ನೂ ತಮಾಷೆ, ಅದು ಅ ಗಿಂತ ಮುಂಚೆಯೇ ಇದೆ. ಇದೇ [ಅ-ಹ] ಇಟ್ಟುಕೊಂಡು ‘ಕನ್ನಡ ಅಲ್ಲದ್ದನ್ನೆಲ್ಲ ತೆಗೆ’ ಅಂತ ಡೇಟಾ ಕ್ಲೀನ್ ಮಾಡಿದರೆ ‘ಮಂಜುನಾಥ’ ಹೋಗಿ ‘ಮಜನಥ’ ಆಗುತ್ತಾನೆ. ಎರರ್ ಕೂಡ ಬರಲ್ಲ.

ಬ್ಯಾಕ್‌ಸ್ಲ್ಯಾಷ್ ಡಬ್ಲ್ಯು (‘ಪದದಲ್ಲಿ ಬರುವ ಅಕ್ಷರ’ ಅನ್ನೋ ರೆಜೆಕ್ಸ್ ಗುರುತು) ಕೂಡ ಬೇಡ. ಜಾವಾಸ್ಕ್ರಿಪ್ಟ್‌ನಲ್ಲಿ ಅದರ ಲೆಕ್ಕಕ್ಕೆ ಬರೋದು ಇಂಗ್ಲಿಷ್ ಅಕ್ಷರ, ಅಂಕಿ, ಅಂಡರ್‌ಸ್ಕೋರ್ ಮಾತ್ರ.

ಚಿಕ್ಕ ಉತ್ತರ ಬೇಕಾದರೆ [ಂ-್] ಹಾಕಿ. ಅನುಸ್ವಾರದಿಂದ ಶುರುವಾಗಿ ‘್’ ತನಕ. ಎಡಿಟರ್‌ನಲ್ಲಿ ವಿಕಾರವಾಗಿ ಕಾಣುತ್ತದೆ, ಆದರೆ ಕೆಲಸ ಮಾಡುತ್ತದೆ. ಓದೋಕೆ ಚೆನ್ನಾಗಿರಬೇಕು ಅಂದರೆ ಜಾವಾಸ್ಕ್ರಿಪ್ಟ್ ಭಾಷೆಯ ಸ್ಟ್ಯಾಂಡರ್ಡ್ ಆದ 2018ರ ಎಕ್ಮಾಸ್ಕ್ರಿಪ್ಟ್‌ನಲ್ಲಿ ಬಂದ ಬ್ಯಾಕ್‌ಸ್ಲ್ಯಾಷ್ ಪಿ ಇದೆ, ಅಕ್ಷರ ಯಾವ ಲಿಪಿಯದು ಅಂತ ನೋಡುವ ಗುರುತು. ಅದರ ಮುಂದೆ ಹೂವಿನ ಆವರಣದೊಳಗೆ ಸ್ಕ್ರಿಪ್ಟ್, ಈಕ್ವಲ್ ಚಿಹ್ನೆ, ಕನ್ನಡ ಅಂತ ಇಂಗ್ಲಿಷ್‌ನಲ್ಲಿ ಬರೆಯಿರಿ. ಕೊನೆಯಲ್ಲಿ ಯು ಫ್ಲ್ಯಾಗ್ (ಯೂನಿಕೋಡ್ ಲೆಕ್ಕದಲ್ಲಿ ನೋಡು ಅನ್ನೋ u ಅಕ್ಷರ) ಮರೀಬೇಡಿ. ಮರೆತರೆ ಅದು ಸುಮ್ನೆ ಪಿ ಅಂತಲೇ ಓದಿಕೊಂಡು, ಆವರಣವನ್ನೂ ಸೇರಿಸಿ ಅಕ್ಷರಶಃ ಹುಡುಕುತ್ತದೆ. ಯಾವುದನ್ನೇ ಹಾಕಿದರೂ ಸ್ಪೇಸ್ ಮತ್ತು ಇನಿಶಿಯಲ್‌ನ ಚುಕ್ಕೆಯನ್ನು ನೀವೇ ಸೇರಿಸಬೇಕು. ‘ರಾಜ್‌ಕುಮಾರ್’ನಲ್ಲಿ ಜ್ ಆದ ಮೇಲೆ ಒತ್ತಕ್ಷರ ಆಗದಂತೆ ತಡೆಯುವ, ಕಣ್ಣಿಗೆ ಕಾಣದ ಒಂದು ಕ್ಯಾರೆಕ್ಟರ್ ಇರುತ್ತದೆ. ಅದು ಕನ್ನಡ ಸ್ಕ್ರಿಪ್ಟ್‌ನ ಲೆಕ್ಕಕ್ಕೆ ಬರಲ್ಲ, ಅದನ್ನೂ ಸೇರಿಸಿ.

ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ನಾಳೆ ಹೇಗೂ ಕೇಳುತ್ತೀರಿ. ಡೇಟಾಬೇಸ್‌ನಲ್ಲಿ ‘ಗೋಪಾಲ’ ಇದ್ದಾನೆ, ಹುಡುಕಿದರೆ ಸಿಗಲ್ಲ. ಯಾಕೆಂದರೆ ‘ೋ’ ಒಂದೇ ನಂಬರ್ ಆಗಿಯೂ ಇರಬಹುದು, ‘ೆ’, ‘ೂ’, ‘ೕ’ ಅಂತ ಮೂರು ತುಂಡಾಗಿಯೂ ಇರಬಹುದು. ನೋಡೋಕೆ ಎರಡೂ ಒಂದೇ. ಮೂರನೇ ತುಂಡು [ಂ-್] ಒಳಗೆ ಬರಲ್ಲವಾದ್ದರಿಂದ ರೆಜೆಕ್ಸೂ ತಿರಸ್ಕರಿಸುತ್ತದೆ. ಮದ್ದು ಸುಲಭ: ಹೆಸರಿನ ಮೇಲೆ ನಾರ್ಮಲೈಸ್ ಫಂಕ್ಷನ್ ಕರೆಯಿರಿ, ತುಂಡುಗಳು ಕೂಡಿಕೊಳ್ಳುತ್ತವೆ. ಅದನ್ನು ರೆಜೆಕ್ಸ್‌ಗಿಂತ ಮೊದಲೇ ಮಾಡಿ. ಸೇವ್ ಮಾಡುವಾಗಲೂ, ಹುಡುಕುವಾಗಲೂ.