ಊರಿಗೆ ಹೋಗಿ ಬಂದರೆ ಸರ್ವಿಸ್ ತುಂಡಾಗುತ್ತದೆಯೇ?

ಪ್ರಶ್ನೆ: ಚೆಂಬೂರಿನ ಹೋಟೆಲೊಂದರಲ್ಲಿ 2014ರ ಜೂನ್‌ನಿಂದ 2026ರ ಜನವರಿವರೆಗೆ ದುಡಿದೆ. ಪ್ರತಿ ಬೇಸಿಗೆಯಲ್ಲಿ ಒಂದೂವರೆ ತಿಂಗಳು ಊರಿಗೆ ಹೋಗುತ್ತಿದ್ದೆ, ಆ ದಿನಗಳಿಗೆ ಸಂಬಳ ಇರಲಿಲ್ಲ. ನಡುವೆ ಹೋಟೆಲನ್ನು ಬೇರೆಯವರು ಕಂಡಕ್ಟಿಂಗ್‌ಗೆ (ಮಾಲಕರಿಂದ ಕರಾರಿನ ಮೇಲೆ ನಡೆಸಲು) ತೆಗೆದುಕೊಂಡರು. ಈಗ ಕೆಲಸ ಬಿಟ್ಟಾಗ ‘ನಿಮ್ಮ ಸರ್ವಿಸ್ ತುಂಡಾಗಿದೆ, ಗ್ರಾಚ್ಯುಟಿ (ವರ್ಷಗಟ್ಟಲೆ ದುಡಿದದ್ದಕ್ಕೆ ಬಿಡುವಾಗ ಮಾಲಕರು ಕೊಡಬೇಕಾದ ಹಣ) ಬರುವುದಿಲ್ಲ’ ಎನ್ನುತ್ತಾರೆ. ಹೌದೇ?

ಉತ್ತರ: ಇಲ್ಲ. ಮುಂಬಯಿ, ಪುಣೆಯ ಹೋಟೆಲ್ ಕೆಲಸಗಾರರು ಹಕ್ಕಿನ ಹಣ ಬಿಟ್ಟುಬರುವುದು ಹೆಚ್ಚಾಗಿ ಈ ಒಂದು ಮಾತನ್ನು ನಂಬಿಯೇ. ರಜೆ, ಕಾಯಿಲೆ, ಅಪಘಾತ ಇವುಗಳಿಂದ ಸೇವೆ ತುಂಡಾಗುವುದಿಲ್ಲವೆಂದು ಗ್ರಾಚ್ಯುಟಿ ಕಾನೂನೇ ಹೇಳುತ್ತದೆ. ಹೇಳದೆ ಕೇಳದೆ ಹೋಗಿದ್ದರೂ, ಆ ಗೈರುಹಾಜರಿಯನ್ನು ಸೇವಾಭಂಗವೆಂದು ಆಗಲೇ ನಿಯಮದಂತೆ ಲಿಖಿತ ಆದೇಶ ಮಾಡಿರಬೇಕು. ಇಷ್ಟು ವರ್ಷ ಸುಮ್ಮನಿದ್ದು, ಬಿಡುವ ದಿನ ಗಲ್ಲಾದಲ್ಲಿ ಕೂತು ಬಾಯಲ್ಲಿ ಹೇಳಿದರೆ ಸಾಲದು.

ರಜೆಯ ಬಗ್ಗೆ ತಕರಾರು ಎದ್ದರೂ ಇನ್ನೊಂದು ಅಳತೆ ಇದೆ: ಹನ್ನೆರಡು ತಿಂಗಳಲ್ಲಿ 240 ದಿನ ಕೆಲಸ ಮಾಡಿದ್ದರೆ ಅದು ಪೂರ್ತಿ ವರ್ಷ. 365ರಲ್ಲಿ ಒಂದೂವರೆ ತಿಂಗಳು ಕಳೆದರೂ 320 ಉಳಿಯುತ್ತದೆ. ಸಂಬಳ ಸಹಿತ ವಾರದ ರಜೆಯೂ ಈ 240ರಲ್ಲಿ ಸೇರುತ್ತದೆ. ಕೈಗಾರಿಕಾ ವಿವಾದ ಕಾಯ್ದೆಯ ಇದೇ ಬಗೆಯ ಲೆಕ್ಕದಲ್ಲಿ ಸುಪ್ರೀಂ ಕೋರ್ಟ್ 1985ರಲ್ಲಿ ಅಮೆರಿಕನ್ ಎಕ್ಸ್‌ಪ್ರೆಸ್ ಪ್ರಕರಣದಲ್ಲಿ ಹಾಗೆ ಹೇಳಿದೆ.

ಐದು ವರ್ಷ ತುಂಬಿದ್ದರೆ ರಾಜೀನಾಮೆ ಕೊಟ್ಟು ಬಿಟ್ಟವರಿಗೂ ಗ್ರಾಚ್ಯುಟಿ ಉಂಟು. ಹೋಟೆಲಿನಲ್ಲಿ ಹತ್ತು ಜನ ಇರಬೇಕು. ಕ್ಲೀನರ್, ರಾತ್ರಿ ವಾಚ್‌ಮನ್ ಎಲ್ಲರೂ ಲೆಕ್ಕಕ್ಕೆ ಬರುತ್ತಾರೆ. ಒಮ್ಮೆ ಕಾನೂನು ಅನ್ವಯವಾದ ಮೇಲೆ ಜನ ಎಂಟಕ್ಕೆ ಇಳಿದರೂ ಅದು ತಪ್ಪುವುದಿಲ್ಲ.

ಇನ್ನು ಮೊತ್ತ. ಕೊನೆಯ ತಿಂಗಳ ವೇತನವನ್ನು 15ರಿಂದ ಗುಣಿಸಿ, 26ರಿಂದ ಭಾಗಿಸಿ, ವರ್ಷಗಳಿಂದ ಗುಣಿಸಬೇಕು. ನಿಮ್ಮದು 11 ವರ್ಷ 7 ತಿಂಗಳು. ಆರು ತಿಂಗಳು ದಾಟಿದ ಕಾರಣ 12 ಎಂದೇ ಹಿಡಿಯಬೇಕು. 26ರ ಬದಲು 30ರಿಂದ ಭಾಗಿಸುವುದು ತೀರಾ ಸಾಮಾನ್ಯ ತಪ್ಪು. ತಿಂಗಳಿಗೆ ದುಡಿಯುವ ದಿನ 26 ಎಂಬುದನ್ನು 1980ರಲ್ಲೇ ದಿಗ್ವಿಜಯ್ ವೂಲನ್ ಮಿಲ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಪ್ಪಿತ್ತು, 1987ರ ತಿದ್ದುಪಡಿಯಲ್ಲಿ ಅದು ಗ್ರಾಚ್ಯುಟಿ ಕಾಯ್ದೆಗೂ ಸೇರಿತು.

ವೇತನ ಅಂದರೆ ಯಾವುದು ಎಂಬಲ್ಲಿ ಈಚೆಗೆ ದೊಡ್ಡ ಬದಲಾವಣೆ ಆಗಿದೆ. 1972ರ ಗ್ರಾಚ್ಯುಟಿ ಕಾಯ್ದೆಯ ಜಾಗಕ್ಕೆ 2025ರ ನವೆಂಬರ್ 21ರಿಂದ ಸಾಮಾಜಿಕ ಭದ್ರತಾ ಸಂಹಿತೆ ಬಂದಿದೆ. ಮೊದಲು ಬೇಸಿಕ್ ಮತ್ತು ತುಟ್ಟಿಭತ್ಯೆ ಮಾತ್ರ ಲೆಕ್ಕ. ಈಗ ಮನೆಬಾಡಿಗೆ, ಪ್ರಯಾಣ ಮುಂತಾದ ಭತ್ಯೆಗಳು ಒಟ್ಟು ಸಂಬಳದ ಅರ್ಧ ಮೀರಿದರೆ, ಮೀರಿದಷ್ಟೂ ವೇತನಕ್ಕೆ ಸೇರುತ್ತದೆ. ಮುಖ್ಯ ಅಡುಗೆಯವರೊಬ್ಬರ ಸಂಬಳದ ಚೀಟಿಯಲ್ಲಿ ಒಟ್ಟು 30,000, ಅದರಲ್ಲಿ ಬೇಸಿಕ್ ಮತ್ತು ತುಟ್ಟಿಭತ್ಯೆ 13,000, ಇಂಥ ಭತ್ಯೆಗಳು 17,000 ಎಂದಿಟ್ಟುಕೊಳ್ಳಿ. ಅರ್ಧ ಮೀರಿದ 2,000 ಸೇರಿ ವೇತನ 15,000 ಆಗುತ್ತದೆ. 12 ವರ್ಷಕ್ಕೆ 1,03,846 ರೂಪಾಯಿ. ಹಳೆಯ ರೀತಿಯಲ್ಲಿ 13,000ಕ್ಕೇ ನಿಂತರೆ 90,000. ಅದನ್ನೂ 30ರಿಂದ ಭಾಗಿಸಿದರೆ 78,000ಕ್ಕೆ ಇಳಿಯುತ್ತದೆ. ಸಂಬಳದ ಬದಲಿಗೆಂದು ಊಟ, ವಸತಿ ಕೊಡುತ್ತಿದ್ದರೆ ಅದರ ಬೆಲೆಯೂ ಒಟ್ಟು ವೇತನದ ಶೇ. 15ರವರೆಗೆ ವೇತನವೆಂದೇ ಲೆಕ್ಕ. ನಮ್ಮ ಹೋಟೆಲ್ ಹುಡುಗರಿಗೆ ಇದು ಸಣ್ಣ ಮಾತಲ್ಲ, ಚೀಟಿಯಲ್ಲಿ ಹೇಗೆ ಬರೆದಿದೆ ಎಂದು ನೋಡಿಕೊಳ್ಳಿ.

ಕಂಡಕ್ಟಿಂಗ್ ವಿಷಯ ಸ್ವಲ್ಪ ಜಟಿಲ. ಕೈ ಬದಲಾದಾಗ ನೀವು ಒಂದು ದಿನವೂ ಬಿಡದೆ ಅದೇ ಒಲೆಯ ಮುಂದೆ ನಿಂತಿದ್ದರೆ, ಹಳೆಯ ವರ್ಷಗಳೂ ಹೊಸಬರ ಲೆಕ್ಕಕ್ಕೆ ಬರುತ್ತವೆ ಎಂಬುದೇ ನಿಮ್ಮ ವಾದ. ಹಳೆಯ ಬಾಕಿ ಯಾರದೆಂದು ಅವರಿಬ್ಬರು ಮಾಡಿಕೊಂಡ ಕರಾರು ಅವರವರ ನಡುವಿನದು. ಅದಕ್ಕೇ ಅರ್ಜಿಯಲ್ಲಿ ಮೂಲ ಮಾಲಕರು, ಕಂಡಕ್ಟರ್ (ಕರಾರಿನ ಮೇಲೆ ಹೋಟೆಲ್ ನಡೆಸುವವರು) ಇಬ್ಬರ ಹೆಸರೂ ಇರಲಿ. ಒಬ್ಬರನ್ನೇ ಹಿಡಿದರೆ ಅವರು ಇನ್ನೊಬ್ಬರ ಕಡೆ ಕೈ ತೋರಿಸಿ, ವರ್ಷಗಟ್ಟಲೆ ಅಲೆದಾಟ ಆಗುತ್ತದೆ.

ಇಂಥ ಕೇಸು ಸೋಲುವುದು ಹೆಚ್ಚಾಗಿ ಸೇರಿದ ತಾರೀಕಿಗೆ ಪುರಾವೆ ಇಲ್ಲದೆ. ಸಂಬಳ ನಗದು, ನೇಮಕ ಪತ್ರವಿಲ್ಲ, ಹಾಜರಿ ಪುಸ್ತಕ ಮಾಲಕರ ಕಪಾಟಿನಲ್ಲಿ. ಪಿಎಫ್ ಪಾಸ್‌ಬುಕ್, ಇಎಸ್‌ಐ ಕಾರ್ಡು, ಬ್ಯಾಂಕ್ ಸ್ಟೇಟ್‌ಮೆಂಟ್ ಇದ್ದರೆ ಮೊದಲು ಅವನ್ನು ತೆಗೆಯಿರಿ. ಇಲ್ಲದಿದ್ದರೆ ಆಹಾರ ಸುರಕ್ಷತಾ ನಿಯಮದಂತೆ ಪ್ರತಿ ವರ್ಷ ಮಾಡಿಸುವ ವೈದ್ಯಕೀಯ ತಪಾಸಣೆಯ ಸರ್ಟಿಫಿಕೇಟ್ ಹುಡುಕಿ. ಅದರಲ್ಲಿ ನಿಮ್ಮ ಹೆಸರು, ಹೋಟೆಲಿನ ಹೆಸರು, ತಾರೀಕು ಒಟ್ಟಿಗೆ ಇದ್ದರೆ ಒಳ್ಳೆಯ ಪುರಾವೆ. ಹೋಟೆಲ್ ವಿಳಾಸಕ್ಕೆ ಮಾಡಿಸಿದ ಹಳೆಯ ಬ್ಯಾಂಕ್ ಪಾಸ್‌ಬುಕ್ಕೂ ನೆರವಾಗುತ್ತದೆ. ಊರಲ್ಲಿ ‘ಶೀನ’, ಹೋಟೆಲಿನಲ್ಲಿ ‘ರಾಜು’ ಆಗಿದ್ದವರು ಇಬ್ಬರೂ ಒಬ್ಬರೇ ಎಂದು ಹೇಳಬಲ್ಲ ಜೊತೆಗಾರರ ಫೋನ್ ನಂಬರ್ ಬರೆದಿಟ್ಟುಕೊಳ್ಳಬೇಕು.

ಅರ್ಜಿ ಒಂದು ಪುಟ ಸಾಕು: ಸೇರಿದ ತಾರೀಕು, ಬಿಟ್ಟ ತಾರೀಕು, ಕೊನೆಯ ವೇತನ, ಕೇಳುವ ಮೊತ್ತ. ಬಿಟ್ಟ 30 ದಿನದೊಳಗೆ ಮರಾಠಿಯಲ್ಲೋ ಇಂಗ್ಲಿಷಿನಲ್ಲೋ ಬರೆದು ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ರಶೀದಿ ಇಟ್ಟುಕೊಳ್ಳಿ. ತಡವಾದರೂ ಹಕ್ಕು ಹೋಗುವುದಿಲ್ಲ, ಆದರೂ ಕಾಯಬೇಡಿ. ಮಾಲಕರು 30 ದಿನದಲ್ಲಿ ಕೊಡಬೇಕು. ಕೊಡದಿದ್ದರೆ ಗ್ರಾಚ್ಯುಟಿ ಪ್ರಾಧಿಕಾರಕ್ಕೆ ದೂರು. ಯಾವ ಅಧಿಕಾರಿಯ ಮುಂದೆ ಎಂಬುದನ್ನು ಬಾಂದ್ರಾ ಕುರ್ಲಾ ಕಾಂಪ್ಲೆಕ್ಸ್‌ನ ಕಾಮಗಾರ್ ಭವನದಲ್ಲಿ ವಿಚಾರಿಸಿ. ವಿಳಂಬಕ್ಕೆ ಬಡ್ಡಿಯೂ ಬರುತ್ತದೆ. ಹಳೆಯ ಕಾಯ್ದೆಯ ಅಧಿಸೂಚನೆಯಂತೆ ಅದು ವರ್ಷಕ್ಕೆ ಶೇ. 10, ಮೇಲಿನ 1,03,846 ರೂಪಾಯಿಗೆ ತಿಂಗಳಿಗೆ ಸುಮಾರು 865 ರೂಪಾಯಿ.

ಲೆಕ್ಕ ಚುಕ್ತಾ ಎಂದು ವೋಚರಿಗೆ ಸಹಿ ಕೇಳಿದರೆ ಅದರಲ್ಲಿ ಏನು ಬರೆದಿದೆಯೆಂದು ಓದಿಸಿಕೊಳ್ಳಿ. ಕೈಗೆ ಬಂದದ್ದು ಆ ತಿಂಗಳ ಸಂಬಳ ಮಾತ್ರವಾದರೆ, ಸಹಿಯ ಮೇಲೆ ನಿಮ್ಮದೇ ಅಕ್ಷರದಲ್ಲಿ ಮೊತ್ತ ಬರೆದು ‘ಗ್ರಾಚ್ಯುಟಿ ಸೇರಿಲ್ಲ’ ಎಂದು ಸೇರಿಸಿ, ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡೇ ಕಾಗದ ಹಿಂದಿರುಗಿಸಿ.